142 ಪಂದ್ಯ, 2 ಗೋಲು: ಲಿಲಿಯನ್ ತುರಾಮ್ ಎಂಬ ಡಿಫೆಂಡರ್

ಬಸ್ಸಲ್ಲಿ ಒಂದು ಕೈಯಲ್ಲಿ ಕಂಬಿ ಹಿಡ್ಕೊಂಡು ಕೇಳ್ತಿರೋರು, ಹಾಸ್ಟೆಲ್ ಮಂಚದ ಮೇಲೆ ಬಿದ್ಕೊಂಡು ಕೇಳ್ತಿರೋರು, ಎಲ್ಲರಿಗೂ ಸ್ವಾಗತ.

ಹೋದ ಸಲದ ಸಂಚಿಕೆ ಆದಮೇಲೆ ಒಬ್ಬ ಕೇಳುಗರು ಮೆಸೇಜ್ ಹಾಕಿದ್ದರು. "ಗೋಲ್ ಹೊಡೆಯೋರ ಬಗ್ಗೆ ಎಷ್ಟು ಮಾತಾಡ್ತೀರಿ! ತಡೆಯೋರ ಬಗ್ಗೆ ಯಾವಾಗ?" ಅಂತ. ದೂರು ನ್ಯಾಯವಾಗಿಯೇ ಇದೆ. ಅದನ್ನ ನನಗೆ ಹೇಳಿಸ್ಕೋಬೇಕಾಗಿ ಬಂತಲ್ಲ ಅನ್ನೋದೇ ನಾಚಿಕೆ. ಯಾಕಂದ್ರೆ ಕಾಲೇಜಲ್ಲಿ ಮೂರು ವರ್ಷ ನಾನು ಆಡಿದ್ದೇ ರೈಟ್ ಬ್ಯಾಕ್. ಮೂರು ವರ್ಷದಲ್ಲಿ ನನ್ನ ಗೋಲುಗಳು ಸೊನ್ನೆ. ಆಟದ ದಿನಗಳ ಒಂದೇ ಒಂದು ಫೋಟೊ ನನ್ನ ಹತ್ರ ಇದೆ. ಅದರಲ್ಲಿ ಎದುರಾಳಿ ತಂಡದವನು ಗೋಲ್ ಹೊಡೆದು ಕುಣೀತಿದ್ದಾನೆ, ನಾನು ಹಿಂದೆ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿದ್ದೀನಿ. ಡಿಫೆಂಡರ್‌ಗಳ ಫೋಟೊ ಹೆಚ್ಚಾಗಿ ಹೀಗೇ ಇರುತ್ತೆ.

ಇವತ್ತು ಮಾತಾಡೋದು ಫ್ರಾನ್ಸ್‌ನ ಲಿಲಿಯನ್ ತುರಾಮ್ ಬಗ್ಗೆ. ನಿಮ್ಮಲ್ಲಿ ಕೆಲವರಿಗೆ ತುರಾಮ್ ಅಂದ ತಕ್ಷಣ ಇಂಟರ್ ಮಿಲಾನ್‌ನ ಫಾರ್ವರ್ಡ್ ಮಾರ್ಕಸ್ ತುರಾಮ್ ನೆನಪಾಗಬಹುದು. ಇವರು ಅವನ ಅಪ್ಪ. 1994ರಿಂದ 2008ರವರೆಗೆ, 14 ವರ್ಷ, ದೇಶಕ್ಕಾಗಿ 142 ಪಂದ್ಯ ಆಡಿದರು. ಫ್ರಾನ್ಸ್‌ನ ಪುರುಷರ ತಂಡದಲ್ಲಿ ಅದು ಬಹಳ ಕಾಲ ದಾಖಲೆಯಾಗಿತ್ತು. 2022ರ ವಿಶ್ವಕಪ್‌ನಲ್ಲಿ ಗೋಲ್‌ಕೀಪರ್ ಹ್ಯೂಗೊ ಲೊರಿಸ್ ಅದನ್ನ ದಾಟಿದರು. ಈ 142 ಪಂದ್ಯಗಳಲ್ಲಿ ತುರಾಮ್ ಹೊಡೆದ ಗೋಲು ಎರಡು. ಎರಡೂ ಒಂದೇ ಪಂದ್ಯದಲ್ಲಿ, ಅರ್ಧ ಗಂಟೆಗಿಂತ ಕಡಿಮೆ ಅಂತರದಲ್ಲಿ. ಆ ಪಂದ್ಯ ಯಾವುದು ಅಂದ್ರೆ, ವಿಶ್ವಕಪ್ ಸೆಮಿಫೈನಲ್.

ಇಲ್ಲಿಗೆ ಕಥೆ ಮುಗೀತು ಅಂದ್ಕೊಂಡು ಮುಂದಿನ ಸಂಚಿಕೆಗೆ ಹೋಗ್ಬೇಡಿ. ಆ ಎರಡು ಗೋಲು ಎಲ್ಲರಿಗೂ ಗೊತ್ತು. ಅದರ ಒಂದು ನಿಮಿಷ ಮುಂಚೆ ಏನಾಯಿತು ಅನ್ನೋದು ಡಿಫೆಂಡರ್ ಆಗಿದ್ದವರಿಗೆ ಮಾತ್ರ ಹೊಟ್ಟೆಯಲ್ಲಿ ಹಿಂಡುವಂಥದ್ದು.

1998 ಜುಲೈ 8. ಪ್ಯಾರಿಸ್ ಪಕ್ಕದ ಸಾಂ ದೆನಿಯಲ್ಲಿ ಆಗಷ್ಟೇ ಹೊಸದಾಗಿ ಕಟ್ಟಿದ್ದ ಸ್ಟಾಡ್ ದ ಫ್ರಾನ್ಸ್ ಕ್ರೀಡಾಂಗಣ. ಆತಿಥೇಯ ಫ್ರಾನ್ಸ್ ಎದುರಿಗೆ ಕ್ರೊಯೇಷಿಯಾ. ಸ್ವತಂತ್ರ ದೇಶವಾದ ಮೇಲೆ ಅವರಿಗದು ಮೊದಲನೇ ವಿಶ್ವಕಪ್, ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿಗೆ 3-0 ಹೊಡೆದು ಬಂದಿದ್ದಾರೆ. ಮೊದಲರ್ಧ 0-0.

ಫ್ರಾನ್ಸ್‌ನ ಹಿಂದಿನ ಸಾಲಲ್ಲಿ ನಾಲ್ವರು. ಬಲಗಡೆ ತುರಾಮ್, ನಡುವೆ ಲೊರಾಂ ಬ್ಲಾಂ ಮತ್ತು ಮಾರ್ಸೆಲ್ ಡೆಸೈಯಿ, ಎಡಗಡೆ ಲಿಜಾರಾಜು. ಈ ನಾಲ್ವರೂ ಒಟ್ಟಿಗೆ ಕಣಕ್ಕಿಳಿದ ಪಂದ್ಯವನ್ನ ಫ್ರಾನ್ಸ್ ಸೋತಿದ್ದೇ ಇಲ್ಲ ಅಂತ ಇವತ್ತಿಗೂ ಹೇಳ್ತಾರೆ. ಇಂಥ ಸಾಲು ಕೆಲಸ ಮಾಡೋದು ಹೇಗೆ ಅಂದ್ರೆ, ನಾಲ್ಕು ಜನ ಒಂದೇ ಹಗ್ಗ ಹಿಡಿದು ನಡೆದ ಹಾಗೆ. ಚೆಂಡು ಮುಂದೆ ಹೋದ್ರೆ ನಾಲ್ವರೂ ಮುಂದೆ, ಹಿಂದೆ ಬಂದ್ರೆ ನಾಲ್ವರೂ ಹಿಂದೆ. ಎದುರಾಳಿ ಸ್ಟ್ರೈಕರ್ ಆ ಹಗ್ಗಕ್ಕಿಂತ ಒಳಗೆ ನಿಂತಿದ್ದಾಗ ಅವನಿಗೆ ಪಾಸ್ ಬಂದರೆ ಆಫ್‌ಸೈಡ್. ಮೂರು ಜನ ಮುಂದೆ ಬಂದು ಒಬ್ಬ ಮಾತ್ರ ಎರಡು ಹೆಜ್ಜೆ ಹಿಂದೆ ಉಳಿದ ಅಂತ ಇಟ್ಕೊಳ್ಳಿ. ಆಗ ಹಗ್ಗ ಸೊಟ್ಟ. ಸ್ಟ್ರೈಕರ್ ಆ ಒಬ್ಬನನ್ನ ದಾಟಿ ನಿಂತಿಲ್ಲ ಅಂದ್ರೆ, ಆ ಒಬ್ಬನಿಂದಾಗಿ ಅವನು ಆನ್‌ಸೈಡ್.

ದ್ವಿತೀಯಾರ್ಧ ಶುರುವಾಗಿ ಸೆಕೆಂಡುಗಳು ಕೂಡ ಸರಿಯಾಗಿ ಕಳೆದಿರಲಿಲ್ಲ. ಅಸನೋವಿಚ್ ಒಂದು ಪಾಸ್ ಒಳಗೆ ತೂರಿಸಿದರು. ಡಾವೊರ್ ಶುಕೆರ್ ಓಡಿದರು, ಹೊಡೆದರು, ಗೋಲ್. ರೀಪ್ಲೇ ನೋಡಿದರೆ ಮೂರು ನೀಲಿ ಅಂಗಿಗಳು ಮುಂದೆ ಸರಿದಿವೆ. ಹಿಂದೆ ಉಳಿದು ಶುಕೆರ್‌ನ ಆನ್‌ಸೈಡ್ ಮಾಡಿದವರು ತುರಾಮ್.

ಸ್ವಂತ ದೇಶದ ವಿಶ್ವಕಪ್, ಸೆಮಿಫೈನಲ್, ಇಡೀ ಕ್ರೀಡಾಂಗಣ ಸ್ತಬ್ಧ, ತಪ್ಪು ನಿಮ್ಮದು. ಸ್ಟ್ರೈಕರ್ ಒಂದು ಅವಕಾಶ ಕೈಬಿಟ್ಟರೆ ತಲೆ ಮೇಲೆ ಕೈ ಇಟ್ಕೊಂಡು ಇನ್ನೊಂದಕ್ಕೆ ಕಾಯ್ತಾನೆ. ಡಿಫೆಂಡರ್ ಮಾಡಿದ ತಪ್ಪು ಸ್ಕೋರ್‌ಬೋರ್ಡ್ ಮೇಲೆ ದೀಪ ಹಾಕ್ಕೊಂಡು ಕೂತಿರುತ್ತೆ.

ಆಮೇಲೆ ಆದದ್ದನ್ನ ಯೂಟ್ಯೂಬ್‌ನಲ್ಲಿ ನೋಡಿ, ಹೇಳಿದರೆ ನಂಬಲ್ಲ. ಆಟ ಮತ್ತೆ ಶುರುವಾಗಿ ನಿಮಿಷವೂ ಆಗಿಲ್ಲ, ಕ್ರೊಯೇಷಿಯಾದ ನಾಯಕ ಬೊಬಾನ್ ತಮ್ಮದೇ ಗೋಲ್ ಹತ್ತಿರ ಚೆಂಡು ಇಟ್ಕೊಂಡು ಸ್ವಲ್ಪ ಜಾಸ್ತಿ ಹೊತ್ತು ನಿಂತರು. ರೈಟ್ ಬ್ಯಾಕ್ ಇರಲೇಬಾರದ ಜಾಗಕ್ಕೆ ತುರಾಮ್ ನುಗ್ಗಿ ಅದನ್ನ ಕಿತ್ತುಕೊಂಡರು. ಜೋರ್ಕಾಯೆಫ್‌ಗೆ ಕೊಟ್ಟು, ವಾಪಸ್ ಇಸ್ಕೊಂಡು, ಬಲಗಾಲಲ್ಲಿ ಒಳಗೆ ಹಾಕಿದರು. 1-1. ಆಮೇಲೆ 70ನೇ ನಿಮಿಷದ ಹೊತ್ತಿಗೆ ಮತ್ತೆ ಅದೇ ಕಥೆ. ಪೆನಾಲ್ಟಿ ಪ್ರದೇಶದ ಅಂಚಲ್ಲಿ ಎದುರಾಳಿಯಿಂದ ಚೆಂಡು ಕಸಿದು, ಈ ಸಲ ಎಡಗಾಲಲ್ಲಿ, ದೂರದ ಮೂಲೆಗೆ ಬಾಗಿಸಿ ಕಳಿಸಿದರು. 2-1. ಎಡಗಾಲು ಅವರದ್ದಲ್ಲದ ಕಾಲು ಅನ್ನೋದನ್ನ ನೆನಪಿಡಿ.

ಗಮನಿಸಿ, ಎರಡೂ ಗೋಲು ಶುರುವಾದದ್ದು ಚೆಂಡು ಕಸಿಯೋದರಿಂದ. ಅಂದ್ರೆ ಡಿಫೆಂಡರ್ ಕೆಲಸದಿಂದಲೇ. ಜಾಗ ಮಾತ್ರ ಬೇರೆ.

ಎರಡನೇ ಗೋಲ್ ಆದಮೇಲೆ ಅವರು ಓಡಲಿಲ್ಲ, ಅಂಗಿ ಬಿಚ್ಚಲಿಲ್ಲ. ಮಂಡಿಯೂರಿ ಕೂತು, ತುಟಿ ಮೇಲೆ ಒಂದು ಬೆರಳಿಟ್ಟು, ಏನೋ ಲೆಕ್ಕ ತಪ್ಪಿದವರ ಹಾಗೆ ಯೋಚನೆ ಮಾಡ್ತಾ ಇದ್ದರು. ಆ ಚಿತ್ರ ಫ್ರಾನ್ಸ್‌ನಲ್ಲಿ ಎಷ್ಟು ಪ್ರಸಿದ್ಧ ಅಂದ್ರೆ, ನಮಗೆ 83ರ ಕಪ್ ಎತ್ತಿದ ಕಪಿಲ್ ದೇವ್ ಇದ್ದ ಹಾಗೆ. ನಾಲ್ಕು ದಿನದ ಮೇಲೆ ಫೈನಲ್‌ನಲ್ಲಿ ಬ್ರೆಜಿಲ್‌ಗೆ 3-0. ಅಮಾನತಾಗಿದ್ದ ಬ್ಲಾಂ ಆಡಲಿಲ್ಲ, ಡೆಸೈಯಿಗೆ ಮಧ್ಯದಲ್ಲೇ ರೆಡ್ ಕಾರ್ಡ್, ಆದರೂ ರೊನಾಲ್ಡೊ, ರಿವಾಲ್ಡೊ ಇದ್ದ ತಂಡಕ್ಕೆ ಒಂದು ಗೋಲೂ ಸಿಗಲಿಲ್ಲ. ಇಡೀ ಟೂರ್ನಿಯ ಏಳು ಪಂದ್ಯದಲ್ಲಿ ಫ್ರಾನ್ಸ್ ಬಿಟ್ಟುಕೊಟ್ಟದ್ದು ಎರಡೇ ಗೋಲು. ಒಂದು ಡೆನ್ಮಾರ್ಕ್ ಎದುರು ಪೆನಾಲ್ಟಿ. ಇನ್ನೊಂದು ಆ ಶುಕೆರ್ ಗೋಲು. ಫೈನಲ್ ಅಂದ್ರೆ ಎಲ್ಲರೂ ಜಿದಾನ್ ತಲೆಯಿಂದ ಹೊಡೆದ ಎರಡು ಗೋಲು ಅಂತಾರೆ. ಕಪ್ ಗೆದ್ದುಕೊಟ್ಟದ್ದು ಹಿಂದಿನ ಸಾಲು ಅಂತ ನಾನು ವಾದ ಮಾಡ್ತೀನಿ. ನಾನು ರೈಟ್ ಬ್ಯಾಕ್, ಪಕ್ಷಪಾತ ಇರೋದೇ.

ಈಗ ಸ್ವಲ್ಪ ಹಿಂದೆ ಹೋಗೋಣ. ಈ ಮನುಷ್ಯ ಆ ಜಾಗಕ್ಕೆ ಬಂದದ್ದು ಎಲ್ಲಿಂದ?

ಗ್ವಾಡಲೂಪ್. ಕೆರಿಬಿಯನ್ ಸಮುದ್ರದಲ್ಲಿರೋ ದ್ವೀಪ, ಆದರೆ ಫ್ರಾನ್ಸ್‌ನದ್ದೇ ಭಾಗ. ಸಕ್ಕರೆ, ಕಬ್ಬಿನ ತೋಟ, ಆ ತೋಟಗಳಲ್ಲಿ ದುಡಿಯೋಕೆ ಆಫ್ರಿಕಾದಿಂದ ಹಡಗಲ್ಲಿ ತುಂಬಿಕೊಂಡು ಬಂದ ಗುಲಾಮರು, ಇದು ಅಲ್ಲಿಯ ಚರಿತ್ರೆ. ಫ್ರಾನ್ಸ್ ಗುಲಾಮಗಿರಿ ರದ್ದು ಮಾಡಿದ್ದು 1848ರಲ್ಲಿ. ತುರಾಮ್ ಹುಟ್ಟಿದ್ದು 1972ರ ಜನವರಿ 1ರಂದು. ತಾಯಿಗೆ ಐದು ಮಕ್ಕಳು, ಅವರನ್ನ ಸಾಕಿದ್ದು ತಾಯಿ ಒಬ್ಬರೇ. ಮೊದಲು ತಾನೊಬ್ಬಳೇ ಪ್ಯಾರಿಸ್ ಕಡೆ ಹೋಗಿ, ಮನೆಗೆಲಸ, ಗುಡಿಸಿ ಒರೆಸೋ ಕೆಲಸ ಹಿಡಿದು, ಆಮೇಲೆ ಮಕ್ಕಳನ್ನ ಕರೆಸಿಕೊಂಡರು. 1981ರಲ್ಲಿ ಒಂಬತ್ತು ವರ್ಷದ ಲಿಲಿಯನ್ ವಿಮಾನ ಇಳಿದ.

ತುರಾಮ್ ಎಷ್ಟೋ ಸಂದರ್ಶನಗಳಲ್ಲಿ ಹೇಳಿರೋ ಮಾತು ಒಂದಿದೆ: ತಾನು ಕಪ್ಪು ಆದದ್ದು ಒಂಬತ್ತನೇ ವಯಸ್ಸಲ್ಲಿ ಅಂತ. ಗ್ವಾಡಲೂಪ್‌ನಲ್ಲಿ ಅವನು ಸುಮ್ಮನೆ ಲಿಲಿಯನ್. ಪ್ಯಾರಿಸ್ ಶಾಲೆಗೆ ಬಂದ ಮೇಲೆ ಕಪ್ಪು ಹುಡುಗ. ಆಗ ಟಿವಿಯಲ್ಲಿ ಒಂದು ಕಾರ್ಟೂನ್ ಬರ್ತಿತ್ತು. ಅದರಲ್ಲಿ ಒಂದು ಕಪ್ಪು ಹಸು, ಪೆದ್ದು. ಇನ್ನೊಂದು ಬಿಳಿ ಹಸು, ಜಾಣೆ. ಶಾಲೆಯ ಹುಡುಗರು ಅವನನ್ನ ಆ ಕಪ್ಪು ಹಸುವಿನ ಹೆಸರಿಂದ ಕರೆಯೋಕೆ ಶುರು ಮಾಡಿದರು. ಮನೆಗೆ ಬಂದು ಅಮ್ಮನನ್ನ ಕೇಳಿದ, ಯಾಕಮ್ಮಾ ಹೀಗೆ ಅಂತ. ಅಮ್ಮ ಹೇಳಿದ್ದು, ಜನ ಹಾಗೇ ಇರೋದು, ಅದು ಬದಲಾಗಲ್ಲ ಅಂತ. ದಿನವಿಡೀ ಬೇರೆಯವರ ನೆಲ ಒರೆಸಿ ಬಂದ ತಾಯಿ ಇನ್ನೇನು ಹೇಳ್ತಾಳೆ? ಆ ಉತ್ತರ ಹುಡುಗನಿಗೆ ಸಮಾಧಾನ ಕೊಡಲಿಲ್ಲ. ಮುಂದೆ ಬದುಕಿನ ಅರ್ಧ ಭಾಗ ಆ ಪ್ರಶ್ನೆಗೆ ಬೇರೆ ಉತ್ತರ ಹುಡುಕೋದರಲ್ಲೇ ಕಳೆದ.

ಆ ಹಸುವಿನ ವಿಷಯಕ್ಕೆ ನಾನು ಕೊನೆಯಲ್ಲಿ ವಾಪಸ್ ಬರ್ತೀನಿ.

ಫುಟ್‌ಬಾಲ್ ಕಲಿತದ್ದು ಫಾಂಟೆನ್‌ಬ್ಲೋ ಊರಲ್ಲಿ, ಪೋರ್ಚುಗಲ್‌ನಿಂದ ಕೆಲಸಕ್ಕೆ ಬಂದ ವಲಸಿಗರ ಕ್ಲಬ್ಬೊಂದರಲ್ಲಿ. ಕೆರಿಬಿಯನ್ ಹುಡುಗ, ಪೋರ್ಚುಗೀಸರ ತಂಡ, ಫ್ರಾನ್ಸ್ ನೆಲ! ಅಲ್ಲಿಂದ ಮೊನಾಕೊ ಸೇರಿದಾಗ ಹದಿನೆಂಟರ ಆಸುಪಾಸು. ಆಗ ಮೊನಾಕೊ ಕೋಚ್ ಆರ್ಸೆನ್ ವೆಂಗರ್, ಹೌದು, ಆಮೇಲೆ ಆರ್ಸೆನಲ್‌ಗೆ ಹೋದ ಅದೇ ವೆಂಗರ್. 1994ರ ಆಗಸ್ಟ್‌ನಲ್ಲಿ ಬೋರ್ಡೊದಲ್ಲಿ ಚೆಕ್ ಗಣರಾಜ್ಯದ ಎದುರು ದೇಶಕ್ಕೆ ಮೊದಲ ಪಂದ್ಯ. ಅದೇ ರಾತ್ರಿ ಇನ್ನೊಬ್ಬ ಹುಡುಗನಿಗೂ ಅದು ಮೊದಲ ಪಂದ್ಯ. ಆ ಹುಡುಗ ಬದಲಿ ಆಟಗಾರನಾಗಿ ಬಂದು ಎರಡು ಗೋಲ್ ಹೊಡೆದು 0-2 ಇದ್ದದ್ದನ್ನ 2-2 ಮಾಡಿದ. ಹೆಸರು ಜಿನೆದಿನ್ ಜಿದಾನ್. ಮಾರನೇ ದಿನ ಪೇಪರಲ್ಲಿ ಯಾರ ಫೋಟೊ ಬಂದಿರುತ್ತೆ, ನೀವೇ ಊಹಿಸಿ. ಅದನ್ನೇ ನಾನು ಶುರುವಲ್ಲೇ ಹೇಳಿದ್ದು.

1996ರಲ್ಲಿ ಇಟಲಿಯ ಪಾರ್ಮಾ. ಡಿಫೆಂಡರ್‌ಗೆ ಇಟಲಿ ಅಂದ್ರೆ ಸಂಗೀತಗಾರನಿಗೆ ಧಾರವಾಡ ಇದ್ದ ಹಾಗೆ, ಅಲ್ಲಿ ಕಿವಿ ಇರೋ ಕೇಳುಗರು ಸಿಗ್ತಾರೆ. ಒಂದು ಟ್ಯಾಕಲ್‌ಗೂ ಚಪ್ಪಾಳೆ ಬೀಳೋ ದೇಶ ಅದು. ಪಾರ್ಮಾದಲ್ಲಿ ಗೋಲ್‌ಕೀಪರ್ ಬುಫೋನ್, ಮುಂದೆ ಕನ್ನವಾರೊ ಮತ್ತು ತುರಾಮ್. ಮೂವರೂ ವಿಶ್ವಕಪ್ ಗೆದ್ದವರಾದರು, ಒಬ್ಬರು 98ರಲ್ಲಿ, ಇಬ್ಬರು 2006ರಲ್ಲಿ. ಪಾರ್ಮಾ ಸಣ್ಣ ಊರು, ಆದರೂ 1999ರಲ್ಲಿ ಯುಇಎಫ್‌ಎ ಕಪ್ ಗೆದ್ದರು. ತುರಾಮ್ ಕ್ಲಬ್‌ನಲ್ಲಿ ನಡುವೆ ಆಡಿ, ದೇಶಕ್ಕೆ ಬಂದಾಗ ಬಲಗಡೆ ಆಡ್ತಿದ್ದರು. ಅವರಿಗೆ ಇಷ್ಟವಿದ್ದದ್ದು ನಡುವಿನ ಜಾಗ. ತಂಡಕ್ಕೆ ಬಲಗಡೆ ಬೇಕಿತ್ತು, ಆಡಿದರು.

2000ರಲ್ಲಿ ಯುರೋ ಕಪ್ ಕೂಡ ಬಂತು. 2001ರಲ್ಲಿ ಬುಫೋನ್ ಜೊತೆ ಯುವೆಂಟಸ್‌ಗೆ. ಅಲ್ಲಿ ಎರಡು ಲೀಗ್ ಪ್ರಶಸ್ತಿ ಉಳಿದವು, ಇನ್ನೆರಡು ಹಗರಣದಲ್ಲಿ ರದ್ದಾದವು. ನಡುವೆ 2002ರ ವಿಶ್ವಕಪ್, ಹಾಲಿ ಚಾಂಪಿಯನ್ ಫ್ರಾನ್ಸ್ ಸೆನೆಗಲ್‌ಗೆ ಸೋತು, ಒಂದೂ ಗೋಲ್ ಹೊಡೆಯದೆ ಮೊದಲ ಸುತ್ತಲ್ಲೇ ಮನೆಗೆ. ಇದನ್ನೆಲ್ಲ ವಿಕಿಪೀಡಿಯದಲ್ಲಿ ಓದ್ಕೊಳ್ಳಿ, ನನಗೆ ಹೇಳಬೇಕಿರೋದು ಬೇರೆ ಇದೆ.

1996ರಲ್ಲಿ, ಯುರೋ ಕಪ್ ನಡೀತಿದ್ದಾಗ, ಫ್ರಾನ್ಸ್‌ನ ಬಲಪಂಥೀಯ ನಾಯಕ ಜಾಂ ಮಾರಿ ಲೆ ಪೆನ್ ಒಂದು ಹೇಳಿಕೆ ಕೊಟ್ಟಿದ್ದರು. ಹೊರಗಿನಿಂದ ಆಟಗಾರರನ್ನ ತಂದು ಅದನ್ನ ಫ್ರಾನ್ಸ್ ತಂಡ ಅನ್ನೋದು ಕೃತಕ ಅನ್ನೋ ಅರ್ಥದ ಮಾತು. ಎರಡು ವರ್ಷಕ್ಕೆ ಅದೇ ತಂಡ ವಿಶ್ವಕಪ್ ಎತ್ತಿತು. ಡೆಸೈಯಿ ಹುಟ್ಟಿದ್ದು ಘಾನಾದಲ್ಲಿ, ವಿಯೆರಾ ಸೆನೆಗಲ್‌ನಲ್ಲಿ, ಕರೆಂಬೆ ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾದಲ್ಲಿ, ಜಿದಾನ್ ಅಪ್ಪ ಅಮ್ಮ ಅಲ್ಜೀರಿಯಾದವರು. ಪ್ಯಾರಿಸ್ ಬೀದಿಯಲ್ಲಿ ಲಕ್ಷಗಟ್ಟಲೆ ಜನ. ಕಪ್ಪು, ಬಿಳಿ, ಅರಬ್ ಎಲ್ಲ ಒಂದೇ ಅನ್ನೋ ಘೋಷಣೆ. ಸಮಸ್ಯೆ ಬಗೆಹರೀತು ಅಂತ ಎಲ್ಲರೂ ಅಂದ್ಕೊಂಡರು. ಕಪ್ ಗೆದ್ದ ವಾರ ಎಲ್ಲ ದೇಶಕ್ಕೂ ಹಾಗೆ ಅನ್ನಿಸುತ್ತೆ.

ಮೂರು ವರ್ಷ ಮುಂದೆ ಬನ್ನಿ. 2001 ಅಕ್ಟೋಬರ್ 6, ಅದೇ ಕ್ರೀಡಾಂಗಣ, ಫ್ರಾನ್ಸ್-ಅಲ್ಜೀರಿಯಾ ಸೌಹಾರ್ದ ಪಂದ್ಯ. ಫ್ರಾನ್ಸ್ ರಾಷ್ಟ್ರಗೀತೆಗೆ ಗ್ಯಾಲರಿಯಿಂದ ಶಿಳ್ಳೆ. ಫ್ರಾನ್ಸ್ 4-1 ಮುಂದಿದ್ದಾಗ, ಇನ್ನೂ ಕಾಲು ಗಂಟೆ ಆಟ ಇರೋವಾಗ, ಪ್ರೇಕ್ಷಕರು ಮೈದಾನಕ್ಕೆ ನುಗ್ಗಿದರು. ಹೆಚ್ಚಿನವರು ಅಲ್ಲೇ ಸುತ್ತಮುತ್ತಲ ಬಡಾವಣೆಗಳ ಹುಡುಗರು. ಪಂದ್ಯ ನಿಂತುಹೋಯಿತು. ಆಟಗಾರರೆಲ್ಲ ಒಳಗೆ ಹೋಗ್ತಿದ್ದಾರೆ. ತುರಾಮ್ ಮಾತ್ರ ಓಡ್ತಿದ್ದ ಒಬ್ಬ ಹುಡುಗನನ್ನ ಹಿಡಿದು ನಿಲ್ಲಿಸಿ, ಮುಖಕ್ಕೆ ಮುಖ ಕೊಟ್ಟು ಬೈತಿದ್ದರು. ನೀನು ಮಾಡ್ತಿರೋದು ಏನು ಅಂತ ಗೊತ್ತಿದೆಯಾ ಅನ್ನೋ ಹಾಗೆ. ಆ ದೃಶ್ಯ ನೋಡಿ. ಶತ್ರುವನ್ನ ಬೈಯೋ ಮುಖ ಅದಲ್ಲ. ಪರೀಕ್ಷೆ ಬರೀದೆ ಎದ್ದು ಬಂದ ತಮ್ಮನನ್ನ ಅಣ್ಣ ಬೈಯೋ ಮುಖ. ಮಾರನೇ ದಿನ ಈ ಹುಡುಗರ ಬಗ್ಗೆ ಯಾರ್ಯಾರು ಏನೇನು ಮಾತಾಡ್ತಾರೆ ಅನ್ನೋದು ಅವರಿಗೆ ಗೊತ್ತಿತ್ತು ಅಂತ ನನಗನ್ನಿಸುತ್ತೆ.

2005ರ ಅಕ್ಟೋಬರ್ ಕೊನೆಯಲ್ಲಿ ಪ್ಯಾರಿಸ್ ಹೊರವಲಯದಲ್ಲಿ ಪೊಲೀಸರಿಂದ ತಪ್ಪಿಸಿಕೊಳ್ಳೋಕೆ ವಿದ್ಯುತ್ ಸಬ್‌ಸ್ಟೇಷನ್ ಒಳಗೆ ಅಡಗಿದ ಇಬ್ಬರು ಹುಡುಗರು ಶಾಕ್ ಹೊಡೆದು ಸತ್ತರು. ವಾರಗಟ್ಟಲೆ ಗಲಭೆ, ಸಾವಿರಾರು ಕಾರು ಸುಟ್ಟವು. ಆಗಿನ ಗೃಹಮಂತ್ರಿ ನಿಕೊಲಾ ಸರ್ಕೋಜಿ ಅಂಥ ಬಡಾವಣೆಗಳ ಪುಂಡರನ್ನ ಕರೆಯೋಕೆ ಒಂದು ಪದ ಬಳಸಿದ್ದರು, ಕನ್ನಡದಲ್ಲಿ ಹೇಳೋದಾದ್ರೆ ಕೊಚ್ಚೆ ಜನ, ಪುಡಿ ರೌಡಿಗಳು ಅನ್ನೋ ಥರ. ಫ್ರಾನ್ಸ್ ತಂಡದ ಡ್ರೆಸ್ಸಿಂಗ್ ರೂಮಿಂದ ಹೊರಗೆ ಬಂದು ಗಟ್ಟಿಯಾಗಿ ಉತ್ತರ ಕೊಟ್ಟವರು ತುರಾಮ್. ನಾನೂ ಅಂಥ ಬಡಾವಣೆಯಲ್ಲೇ ಬೆಳೆದವನು, ಆ ಮಾತು ನನಗೂ ತಾಗುತ್ತೆ, ಹಿಂಸೆ ತಪ್ಪು ಆದರೆ ಅದು ಎಲ್ಲಿಂದ ಬಂತು ಅಂತ ಕೇಳಬೇಕಲ್ಲ, ಇದು ಅವರ ಮಾತಿನ ಸಾರ. ಮುಂದಿನ ವರ್ಷ ಪ್ಯಾರಿಸ್ ಬಳಿಯ ಕಾಶಾನ್‌ನಲ್ಲಿ ಒಂದು ಕಟ್ಟಡದಿಂದ ನೂರಾರು ವಲಸಿಗರನ್ನ ಪೊಲೀಸರು ಹೊರಹಾಕಿದಾಗ, ತುರಾಮ್ ಮತ್ತು ವಿಯೆರಾ ಅವರಲ್ಲಿ ಹಲವರಿಗೆ ಫ್ರಾನ್ಸ್-ಇಟಲಿ ಪಂದ್ಯದ ಟಿಕೆಟ್ ಕೊಡಿಸಿ ಕರೆಸಿಕೊಂಡರು.

ಆಟಗಾರ ಆಟ ಆಡ್ಲಿ, ರಾಜಕೀಯ ಯಾಕೆ ಅಂತ ಅಲ್ಲೂ ಕೇಳಿದರು. ಇಲ್ಲೂ ಕೇಳ್ತೀವಿ. ನನಗೆ ಕಾಣೋದು ಏನು ಅಂದ್ರೆ, ಮೈದಾನದಲ್ಲಿ ಅವರ ಕೆಲಸವೇ ಅದಾಗಿತ್ತು. ಪಕ್ಕದವನ ಕಡೆ ದಾಳಿ ಬಂದಾಗ ಇದು ನನ್ನ ಬದಿ ಅಲ್ಲ ಅಂತ ನಿಂತ್ಕೊಂಡರೆ ಅವನು ಡಿಫೆಂಡರ್ ಅಲ್ಲ. ಕವರ್ ಮಾಡಬೇಕು. ಕೋಚ್‌ಗಳು ಮೊದಲ ದಿನ ಹೇಳಿಕೊಡೋ ಪಾಠ ಅದು.

2004ರಲ್ಲಿ ದೇಶದ ತಂಡದಿಂದ ನಿವೃತ್ತಿ ಹೇಳಿದ್ದರು. ಮರುವರ್ಷ ತಂಡ ವಿಶ್ವಕಪ್ ಅರ್ಹತೆಗೆ ಒದ್ದಾಡ್ತಿದ್ದಾಗ ಜಿದಾನ್, ಮಕೆಲೆಲೆ ಜೊತೆ ವಾಪಸ್ ಬಂದರು. 2006ರ ವಿಶ್ವಕಪ್ ಹೊತ್ತಿಗೆ ವಯಸ್ಸು 34. ಟೂರ್ನಿ ನಡುವೆ ಲೆ ಪೆನ್ ಮತ್ತೆ ಬಾಯಿಬಿಟ್ಟರು, ತಂಡದಲ್ಲಿ ಬಣ್ಣದವರು ಜಾಸ್ತಿಯಾದರು ಅಂತ. ತುರಾಮ್ ಸಿಟ್ಟಾಗದೆ ಉತ್ತರ ಕೊಟ್ಟರು: ಫ್ರೆಂಚರಲ್ಲಿ ಕಪ್ಪಗಿರೋರು, ಬೆಳ್ಳಗಿರೋರು, ಕಂದು ಬಣ್ಣದವರು ಎಲ್ಲ ಇದ್ದಾರೆ ಅನ್ನೋದು ಅವರಿಗೆ ತಿಳಿದಿಲ್ಲ ಅಂತ ಕಾಣುತ್ತೆ, ಅನ್ನೋ ಅರ್ಥದಲ್ಲಿ. ಸೆಮಿಫೈನಲ್‌ನಲ್ಲಿ ಪೋರ್ಚುಗಲ್ ಎದುರು 1-0. ಗೋಲ್ ಹೊಡೆದವರು ಜಿದಾನ್, ಆದರೆ ಪಂದ್ಯಶ್ರೇಷ್ಠ ತುರಾಮ್. ಪೋರ್ಚುಗೀಸ್ ವಲಸಿಗರ ಕ್ಲಬ್‌ನಲ್ಲಿ ಆಟ ಕಲಿತ ಹುಡುಗ! ಒಂದು ದೊಡ್ಡ ಪಂದ್ಯದಲ್ಲಿ, ಗೋಲ್ ಹೊಡೆಯದೆ, ತಡೆದದ್ದಕ್ಕೇ ಬಹುಮಾನ ಸಿಕ್ಕಿತು. 1998ರ ಆ ಎರಡು ಗೋಲಿಗಿಂತ ಇದು ದೊಡ್ಡದು ಅಂತ ನಾನು ಎಷ್ಟು ಹೇಳಿದರೂ ನನ್ನ ಸ್ನೇಹಿತರು ಒಪ್ಪಲ್ಲ. ಫೈನಲ್‌ನಲ್ಲಿ ಇಟಲಿಗೆ ಪೆನಾಲ್ಟಿಯಲ್ಲಿ ಸೋತರು. ಆ ರಾತ್ರಿ ಎಲ್ಲರಿಗೂ ನೆನಪಿರೋದು ಜಿದಾನ್ ತಲೆಯಿಂದ ಗುದ್ದಿದ್ದು ಮಾತ್ರ.

ಆಮೇಲೆ ಬಾರ್ಸಿಲೋನಾದಲ್ಲಿ ಎರಡು ಸೀಸನ್. 2008ರಲ್ಲಿ ಪ್ಯಾರಿಸ್ ಸಾಂ ಜರ್ಮೆನ್‌ಗೆ ಹೋಗೋದು ಬಹುತೇಕ ನಿಕ್ಕಿ. ಸೇರೋ ಮುಂಚಿನ ವೈದ್ಯಕೀಯ ತಪಾಸಣೆಯಲ್ಲಿ ಹೃದಯದಲ್ಲಿ ದೋಷ ಕಂಡಿತು. ಅಷ್ಟೇ. 36ನೇ ವಯಸ್ಸಲ್ಲಿ, ಬೀಳ್ಕೊಡುಗೆ ಪಂದ್ಯ ಇಲ್ಲ, ಗ್ಯಾಲರಿಗೆ ಕೈ ಬೀಸೋದಿಲ್ಲ, ವೈದ್ಯರ ಕೋಣೆಯಲ್ಲಿ ಆಟ ಮುಗೀತು.

ಅದೇ ವರ್ಷ ಒಂದು ಪ್ರತಿಷ್ಠಾನ ಶುರು ಮಾಡಿದರು. ಕೆಲಸ ಒಂದೇ, ಮಕ್ಕಳಿಗೆ ವರ್ಣಭೇದದ ಬಗ್ಗೆ ಕಲಿಸೋದು. ಶಾಲೆ ಶಾಲೆಗೆ ಹೋಗಿ ಮಾತಾಡ್ತಾರೆ. ಯಾರೂ ಹುಟ್ಟುತ್ತಾ ಹೀಗಿರಲ್ಲ, ಇದು ಕಲಿತದ್ದು, ಕಲಿತದ್ದನ್ನ ಬಿಡಿಸಬಹುದು ಅನ್ನೋದು ಅವರ ವಾದ. ಅಂದ್ರೆ ಅಮ್ಮ ಹೇಳಿದ್ದ, ಬದಲಾಗಲ್ಲ ಅನ್ನೋ ಮಾತಿಗೆ ಇಷ್ಟು ವರ್ಷದ ಮೇಲೆ ಕೊಟ್ಟ ಉತ್ತರ.

ಅವರು ಮಾಡಿದ ಕೆಲಸಗಳಲ್ಲಿ ನನ್ನನ್ನ ಹೆಚ್ಚು ಕಾಡಿದ್ದು 2011ರ ಕೊನೆಯಲ್ಲಿ ಪ್ಯಾರಿಸ್‌ನ ಕೆ ಬ್ರಾನ್ಲಿ ಮ್ಯೂಸಿಯಂನಲ್ಲಿ ಏರ್ಪಡಿಸಿದ ಪ್ರದರ್ಶನ. ವಿಷಯ ಮಾನವ ಮೃಗಾಲಯ. ಹೌದು, ಸರಿಯಾಗೇ ಕೇಳಿಸ್ಕೊಂಡ್ರಿ. ಯುರೋಪಿನವರು ತಮ್ಮ ವಸಾಹತುಗಳಿಂದ ಜನರನ್ನ ತಂದು, ಬೇಲಿ ಹಾಕಿ, ಟಿಕೆಟ್ ಇಟ್ಟು ತೋರಿಸ್ತಿದ್ದರು. 1931ರಲ್ಲಿ ಕೂಡ, ಪ್ಯಾರಿಸ್‌ನಲ್ಲಿ ವಸಾಹತು ಮೇಳ ನಡೆದಾಗ, ನ್ಯೂ ಕ್ಯಾಲೆಡೋನಿಯಾದ ಕನಾಕ್ ಜನರನ್ನ ನರಭಕ್ಷಕರು ಅಂತ ಉದ್ಯಾನವೊಂದರಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ಅವರಲ್ಲಿ ಕೆಲವರನ್ನ ಮೊಸಳೆಗಳಿಗೆ ಬದಲಾಗಿ ಜರ್ಮನಿಗೆ ಕಳಿಸಿದ್ದೂ ದಾಖಲೆಯಲ್ಲಿದೆ. ಹಾಗೆ ಪ್ರದರ್ಶನಕ್ಕಿಟ್ಟವರಲ್ಲಿ ಒಬ್ಬರು ಕ್ರಿಸ್ಟಿಯನ್ ಕರೆಂಬೆ ಅವರ ಮುತ್ತಜ್ಜ. ಅದೇ ಕರೆಂಬೆ, 98ರ ಫೈನಲ್‌ನಲ್ಲಿ ತುರಾಮ್ ಮುಂದೆ ಮಿಡ್‌ಫೀಲ್ಡ್‌ನಲ್ಲಿ ಆಡಿದವರು. ಮುತ್ತಜ್ಜನನ್ನ ಬೇಲಿ ಒಳಗೆ ನಿಲ್ಲಿಸಿದ ಅದೇ ಪ್ಯಾರಿಸ್‌ನಲ್ಲಿ 67 ವರ್ಷಕ್ಕೆ ಮರಿಮೊಮ್ಮಗ ವಿಶ್ವಕಪ್ ಎತ್ತಿದ.

ತುರಾಮ್ ಹೇಳಿದ್ದೆಲ್ಲ ಎಲ್ಲರಿಗೂ ಹಿಡಿಸಿಲ್ಲ. 2019ರಲ್ಲಿ ಇಟಲಿಯ ಪತ್ರಿಕೆಯೊಂದಕ್ಕೆ ಮಾತಾಡ್ತಾ, ಬಿಳಿಯರು ತಾವು ಮೇಲು ಅಂದ್ಕೊಳ್ತಾರೆ ಅನ್ನೋ ಅರ್ಥದ ಮಾತಾಡಿದ್ದು ಫ್ರಾನ್ಸ್‌ನಲ್ಲಿ ದೊಡ್ಡ ಗದ್ದಲವಾಯಿತು. ಎಲ್ಲರನ್ನೂ ಒಂದೇ ಗಾಣಕ್ಕೆ ಹಾಕಿದರು ಅಂತ ವರ್ಣಭೇದ ವಿರೋಧಿ ಹೋರಾಟದಲ್ಲಿದ್ದವರೇ ಟೀಕೆ ಮಾಡಿದರು. ಆ ಟೀಕೆಯಲ್ಲಿ ಹುರುಳಿದೆ ಅಂತಲೇ ನನಗೂ ಅನ್ನಿಸುತ್ತೆ, ಮಾತು ಇನ್ನಷ್ಟು ಬಿಗಿಯಾಗಿರಬಹುದಿತ್ತು. ಆದರೆ ಅವರು ಪದೇ ಪದೇ ಕೇಳೋ ಇನ್ನೊಂದು ಪ್ರಶ್ನೆಯಿಂದ ನನಗೆ ತಪ್ಪಿಸಿಕೊಳ್ಳೋಕೆ ಆಗಿಲ್ಲ. ಗ್ಯಾಲರಿಯಿಂದ ಒಬ್ಬ ಆಟಗಾರನಿಗೆ ಮಂಗನ ಕೂಗು ಹಾಕಿದಾಗ ಮೈಕ್ ಎಲ್ಲ ಆ ಆಟಗಾರನ ಕಡೆಗೇ ಹೋಗುತ್ತೆ, ನಿಮಗೆ ಹೇಗನ್ನಿಸಿತು ಅಂತ. ಅವನ ಪಕ್ಕ ಆಡ್ತಿದ್ದ ಉಳಿದ ಹತ್ತು ಜನ ಏನು ಮಾಡಿದರು ಅಂತ ಯಾಕೆ ಕೇಳಲ್ಲ?

ಇಲ್ಲಿ ಹಸುವಿನ ವಿಷಯಕ್ಕೆ ವಾಪಸ್ ಬರ್ತೀನಿ ಅಂದಿದ್ದೆ.

ನಮ್ಮ ಕಾಲೇಜು ತಂಡದ ಗೋಲ್‌ಕೀಪರ್‌ಗೆ ಎಲ್ಲರೂ ಕರಿಯ ಅಂತಿದ್ವಿ. ನಮ್ಮಲ್ಲಿ ಇದು ಎಷ್ಟು ಸಾಮಾನ್ಯ ಅಂದ್ರೆ, ಪ್ರತಿ ತಂಡದಲ್ಲೂ, ಪ್ರತಿ ಕ್ಲಾಸಲ್ಲೂ ಒಬ್ಬ ಕರಿಯ ಇರ್ತಾನೆ. ಪ್ರೀತಿಯಿಂದ ಕರೆಯೋದು ಅಂತ ನಾವೇ ಹೇಳ್ಕೊಳ್ತೀವಿ. ಅವನೂ ನಗ್ತಿದ್ದ. ಒಂದು ಟೂರ್ನಿಯಲ್ಲಿ ಸಂಜೆ ಪಂದ್ಯ, ಬೆಳಕು ಕಮ್ಮಿಯಾಗ್ತಿತ್ತು. ಗೋಲ್ ಹಿಂದೆ ನಿಂತಿದ್ದ ಒಂದು ಗುಂಪು ಶುರು ಮಾಡಿತು. "ಲೋ ಕರಿಯಾ, ಹಲ್ಲು ಬಿಡೋ, ಎಲ್ಲಿದ್ದೀಯ ಗೊತ್ತಾಗ್ತಿಲ್ಲ." ಎಲ್ಲರೂ ಗೊಳ್ಳನೆ ನಕ್ಕರು. ಅದು ಅರ್ಧ ಗಂಟೆ ನಡೀತು. ಅವನಿಗೆ ಹತ್ತಿರದಲ್ಲಿದ್ದ ಆಟಗಾರ ನಾನು. ಒಂದ್ಸಲ ತಿರುಗಿ ನೋಡಿದೆ. ನನಗೂ ನಗು ಬಂತು.

ಈ ಸಂಚಿಕೆ ಬರೆಯೋವಾಗ ಅವನಿಗೆ ಫೋನ್ ಮಾಡಿದೆ. ತುಂಬ ವರ್ಷ ಆಗಿತ್ತು. ಮಕ್ಕಳು, ಕೆಲಸ ಅಂತೆಲ್ಲ ಮಾತಾಡಿ, ಆ ಪಂದ್ಯ ನೆನಪಿದೆಯೇನೋ ಅಂದೆ. ಇದೆ ಅಂದ. ನಾನು ಅವತ್ತು ನಕ್ಕಿದ್ದೆ ಕಣೋ, ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನಕ್ಕಿದ್ದು ನನಗೆ ನೆನಪಿಲ್ಲ. ನೀನು ತಿರುಗಿ ನೋಡಿದ್ದು ನೆನಪಿದೆ. ಏನಾದ್ರೂ ಅಂತೀಯೇನೋ ಅಂದ್ಕೊಂಡೆ" ಅಂದ. ಅಷ್ಟು ಹೇಳಿ, ಬಿಡು ಮಾರಾಯ, ಹಳೇ ಕಥೆ ಅಂತ ಮಾತು ಬದಲಾಯಿಸಿದ.

ಈ ವಿಷಯ ಪಾಡ್‌ಕಾಸ್ಟ್‌ನಲ್ಲಿ ಹೇಳಬಹುದಾ ಅಂತ ಕೇಳಿದೆ. ಹೇಳು, ಹೆಸರು ಬೇಡ ಅಂದ. ಫೋನ್ ಇಟ್ಟ ಮೇಲೆ ನೋಡ್ತೀನಿ, ನನ್ನ ಕಾಂಟ್ಯಾಕ್ಟ್ ಲಿಸ್ಟಲ್ಲಿ ಇಷ್ಟು ವರ್ಷ ಅವನು ಕರಿಯ ಗೋಲಿ ಅಂತಲೇ ಸೇವ್ ಆಗಿದ್ದ. ಮೂರು ಫೋನ್ ಬದಲಾಯಿಸಿದ್ದೀನಿ, ಮೂರರಲ್ಲೂ ಅದೇ ಹೆಸರು ಬಂದಿದೆ. ಎಡಿಟ್ ಒತ್ತಿ ಅವನ ಪೂರ್ತಿ ಹೆಸರು ಟೈಪ್ ಮಾಡೋಕೆ ಹೋದೆ. ಅವನ ಅಪ್ಪನ ಹೆಸರಿನ ಇನಿಶಿಯಲ್ ಏನು ಅಂತ ನನಗೆ ಗೊತ್ತಿರಲಿಲ್ಲ. ಮತ್ತೆ ಫೋನ್ ಮಾಡಿ ಕೇಳಿದೆ.

ಮುಂದಿನ ವಾರ ಸಿಗೋಣ. 98ರ ಆ ಸೆಮಿಫೈನಲ್ ನೋಡೋದಾದ್ರೆ ಗೋಲ್‌ಗಳನ್ನ ಮಾತ್ರ ನೋಡ್ಬೇಡಿ, ದ್ವಿತೀಯಾರ್ಧದ ಮೊದಲ ನಿಮಿಷದಿಂದ ನೋಡಿ. ನಮಸ್ಕಾರ.